ಮೂರನೇ ಅಂತಸ್ತಿನ ಟಿಕೆಟ್

2024ರ ಅಕ್ಟೋಬರ್ 26, ಶನಿವಾರ ಸಂಜೆ, ಕಾಲೇಜು ಫುಟ್‌ಬಾಲ್ ನೋಡಲು ಹೋಗಿ, ಐವತ್ತರ ಹತ್ತಿರ ಬಂದ ನಾವು ಮೂವರು ಗೆಳೆಯರು ಅಮೆರಿಕದ ಕೈಲ್ ಫೀಲ್ಡ್ ಸ್ಟೇಡಿಯಂನ ಗೇಟಿನಲ್ಲಿ ಪೆಚ್ಚಾಗಿ ನಿಂತಿದ್ದೆವು. ಟಿಕೆಟ್ ಕೊಂಡಾಗಿತ್ತು, ದುಡ್ಡು ಹೋಗಿಯಾಗಿತ್ತು. ಆದರೆ ಮೆಷಿನ್ ನಮ್ಮನ್ನು ಒಳಗೆ ಬಿಡಲು ಒಪ್ಪುತ್ತಿರಲಿಲ್ಲ. ಜೊತೆಗಿದ್ದ ಅಕ್ಕನ ಮಗ, ಆ ವರ್ಷದ ಆಗಸ್ಟ್‌ನಲ್ಲಷ್ಟೇ ಅಲ್ಲಿಗೆ ಎಂಎಸ್ ಓದಲು ಬಂದವನು, ನಗು ತಡೆದುಕೊಂಡು ಕೇಳಿದ: "ಮಾಮ, ನಿಮ್ಮ ಕಾಲದಲ್ಲಿ ಹೇಗೆ ತಗೊಳ್ತಿದ್ರಿ?"

ಆಗ ಉತ್ತರ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ಅವನಿಗೂ ಆಯ್ತು, ಅಲ್ಲಿಗೆ ಹೋಗುವ ಬೇರೆ ಹುಡುಗರಿಗೂ ಆಯ್ತು.

ಮೊದಲು ಒಂದು ಮಾತು. ಇದು ನಾವು ಫುಟ್‌ಬಾಲ್ ಅನ್ನುವ ಆಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಆಡುವವರು ಕಾಲೇಜು ಹುಡುಗರೇ, ಆದರೆ ನೋಡಲು ಬರುವ ಜನ ಲಕ್ಷದ ಲೆಕ್ಕದಲ್ಲಿ. ಕೈಲ್ ಫೀಲ್ಡ್ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಮೈದಾನ. ಈಗ ಅಲ್ಲಿ ಸುಮಾರು 1,02,700 ಸೀಟುಗಳಿವೆ. ಊರಿನ ಹೆಸರೇ ಕಾಲೇಜ್ ಸ್ಟೇಷನ್. ಕಾಲೇಜಿಗೆಂದು ರೈಲು ನಿಲ್ಲುತ್ತಿದ್ದ ಜಾಗವೇ ಊರಾಗಿ ಬೆಳೆದದ್ದು.

ನಾನು ಅಲ್ಲಿಗೆ ಬಂದಿಳಿದದ್ದು 1998ರ ಆಗಸ್ಟ್‌ನಲ್ಲಿ. ಸಾಗರದ ಹುಡುಗ. ರೂಮಿನಲ್ಲಿ ಇನ್ನಿಬ್ಬರು, ಒಬ್ಬ ಹುಬ್ಬಳ್ಳಿಯವ, ಇನ್ನೊಬ್ಬ ದಾವಣಗೆರೆಯವ. ಇವತ್ತಿಗೂ ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು. ಫೀಸು ಕಟ್ಟುವಾಗ ಒಂದು ಕಡೆ ಸ್ಪೋರ್ಟ್ಸ್ ಪಾಸ್ ಬೇಕಾ ಅಂತ ಇತ್ತು. ಅದರ ಬೆಲೆ ನನ್ನ ಎರಡು ವಾರದ ದಿನಸಿ ಖರ್ಚಿಗಿಂತ ಜಾಸ್ತಿ. ಡಾಲರಿಗೆ 42 ರೂಪಾಯಿಯ ಕಾಲ ಅದು. ಬ್ರೆಡ್ ಪ್ಯಾಕೆಟ್ ಕೊಂಡರೂ 42ರಿಂದ ಗುಣಿಸಿ ಬೆಚ್ಚಿಬೀಳುತ್ತಿದ್ದೆವು. ಬೇಡ ಅಂತ ಬರೆಯಬೇಕು ಅನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ದಾವಣಗೆರೆಯವ, "ತಗೊಳಪ್ಪಾ, ಇಲ್ಲಿವರೆಗೂ ಬಂದು ನೋಡ್ಲಿಲ್ಲ ಅಂದ್ರೆ ಹೆಂಗೆ" ಅಂದ. ತೆಗೆದುಕೊಂಡೆ. ಅಕ್ಕನ ಮಗ ಈ ಸಲ ಅದೇ ಪ್ರಶ್ನೆಗೆ ಬೇಡ ಅಂತ ಬರೆದಿದ್ದಾನೆ. ಅದಕ್ಕೇ ಅವನ ಟಿಕೆಟ್ಟನ್ನೂ ನಾವೇ ಕೊಳ್ಳಬೇಕಾಯಿತು. ಹುಡುಗರೇ, ಫೀಸು ಕಟ್ಟುವ ದಿನ ಆ ಒಂದು ಗೆರೆಯನ್ನು ಎರಡು ಸಲ ಓದಿ.

ಪಾಸ್ ಕೊಂಡರೆ ಮುಗೀತು ಅಂದುಕೊಂಡಿದ್ದೆವು. ಅದು ತಪ್ಪು. ಪಾಸ್ ಅಂದರೆ ಟಿಕೆಟ್ ಪಡೆಯುವ ಹಕ್ಕು ಅಷ್ಟೇ. ಆಗೆಲ್ಲ ಪ್ರತಿ ಆಟಕ್ಕೂ, ಆಟದ ವಾರ, ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಟಿಕೆಟ್ ತೆಗೆಯಬೇಕಿತ್ತು. ಅದನ್ನು ಅಲ್ಲಿ 'ಟಿಕೆಟ್ ಪುಲ್' ಅನ್ನುತ್ತಾರೆ. ಸೋಮವಾರ ಕೊನೆಯ ವರ್ಷದವರಿಗೆ ಮತ್ತು ನಮ್ಮಂಥ ಎಂಎಸ್, ಪಿಎಚ್‌ಡಿಯವರಿಗೆ. ಮಂಗಳವಾರ ಮೂರನೇ ವರ್ಷದವರಿಗೆ. ಬುಧವಾರ ಎರಡನೆಯವರಿಗೆ. ಗುರುವಾರ ಹೊಸಬರಿಗೆ, ಉಳಿದದ್ದು. ಊರಿಗೇ ಹೊಸಬರಾದ ನಮಗೆ ಸೋಮವಾರ ಸಿಕ್ಕಿದ್ದು ನಮ್ಮ ಪುಣ್ಯ. ನಮಗಿಂತ ಎರಡು ವರ್ಷ ಮೊದಲು ಬಂದ, ಆ ಆಟವನ್ನೇ ಉಸಿರಾಡುವ ಹುಡುಗರು ಇನ್ನೂ ಮಂಗಳವಾರಕ್ಕೆ ಕಾಯುತ್ತಿದ್ದರು. ಇದು ನ್ಯಾಯವಾ ಅಂತ ನನಗೆ ಆಗಲೂ ಅನುಮಾನ, ಈಗಲೂ ಅನುಮಾನ.

ಸೆಪ್ಟೆಂಬರಿನ ಆಟಗಳಿಗೆ ಸೋಮವಾರ ಹೊತ್ತೇರಿದ ಮೇಲೆ ಆರಾಮಾಗಿ ಹೋದರೂ ಟಿಕೆಟ್ ಸಿಕ್ಕಿತು. ಅಕ್ಟೋಬರ್ 10ಕ್ಕೆ ನೆಬ್ರಾಸ್ಕ ತಂಡ ಬರುವುದಿತ್ತು. ದೇಶದಲ್ಲಿ ಎರಡನೇ ರ‍್ಯಾಂಕ್, ಹಿಂದಿನ ವರ್ಷದ ಜಂಟಿ ಚಾಂಪಿಯನ್, ಸತತ 19 ಆಟ ಗೆದ್ದವರು. ನನ್ನ ಲ್ಯಾಬಿನ ಟೆಕ್ಸಾಸ್ ಹುಡುಗ ಶುಕ್ರವಾರವೇ ಹೇಳಿದ: "ಭಾನುವಾರ ರಾತ್ರಿ ಅಲ್ಲೇ ಮಲಗಬೇಕು. ನಿಮ್ಮ ಗುಂಪಿನವರ ಕಾರ್ಡ್, ಪಾಸ್ ಎಲ್ಲ ಒಬ್ಬನ ಕೈಗೆ ಕೊಡಿ. ಒಟ್ಟಿಗೆ ತೆಗೆದರೆ ಮಾತ್ರ ಒಟ್ಟಿಗೆ ಕೂರುತ್ತೀರಿ." ಆಮೇಲೆ ತಿದ್ದಿಕೊಂಡ. "ಕೂರುವುದಲ್ಲ, ನಿಲ್ಲುತ್ತೀರಿ."

ಅವನು ತಮಾಷೆ ಮಾಡಿದ್ದಲ್ಲ. ಅಲ್ಲಿ ವಿದ್ಯಾರ್ಥಿಗಳು ಆಟ ಮುಗಿಯುವವರೆಗೂ ನಿಂತೇ ಇರುತ್ತಾರೆ, ಮೂರೂವರೆ ಗಂಟೆ. ಯಾಕೆ ಅಂದರೆ ಅವರು 'ಹನ್ನೆರಡನೇ ಆಟಗಾರ'. ಇದನ್ನು ಕೇಳಿ ನಾವು ಮೂವರೂ ಜೋರಾಗಿ ನಕ್ಕೆವು. ಕ್ರಿಕೆಟ್ ನೋಡಿ ಬೆಳೆದವರಿಗೆ ಹನ್ನೆರಡನೆಯವನು ಅಂದರೆ ನೀರು ತರುವವನು, ಅಲ್ವಾ? ಅವನು ನಗಲಿಲ್ಲ. ಕಥೆ ಹೇಳಿದ. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಸೆಂಟರ್ ಕಾಲೇಜಿನ ಮೇಲೆ ಆಟ. ಒಬ್ಬರ ಹಿಂದೆ ಒಬ್ಬರು ಗಾಯಗೊಂಡು ಬದಲಿ ಆಟಗಾರರೇ ಮುಗಿಯುತ್ತಾ ಬಂದರು. ಮೇಲೆ ಪತ್ರಕರ್ತರ ಜೊತೆ ಕೂತಿದ್ದ ಇ. ಕಿಂಗ್ ಗಿಲ್ ಅನ್ನುವ ವಿದ್ಯಾರ್ಥಿಯನ್ನು ಕೋಚ್ ಕೆಳಗೆ ಕರೆಸಿದರು. ಅವನು ಗಾಯಾಳುವಿನ ಬಟ್ಟೆ ತೊಟ್ಟು ಮೈದಾನದ ಅಂಚಿನಲ್ಲಿ ನಿಂತ. ಕೊನೆಯವರೆಗೂ ಅವನನ್ನು ಆಡಲು ಕರೆಯಲೇ ಇಲ್ಲ. ತಂಡ 22-14ರಲ್ಲಿ ಗೆದ್ದಿತು. ಅಂದಿನಿಂದ ಇಡೀ ಕಾಲೇಜು ನಿಂತಿದೆ. ಒಂದು ಚೆಂಡನ್ನೂ ಮುಟ್ಟದವನಿಗೆ ಅಲ್ಲಿ ಪ್ರತಿಮೆ ಇದೆ.

ಭಾನುವಾರ ರಾತ್ರಿ ಒಂಬತ್ತಕ್ಕೆ ಹೊರಟೆವು. ಒಂದು ಜಮಖಾನೆ, ಚಿತ್ರಾನ್ನದ ಡಬ್ಬ, ಎರಡು ಬಾಟಲಿ ನೀರು, ಮಾರನೇ ದಿನ ಕೊಡಬೇಕಾದ ಹೋಂವರ್ಕ್. ಹುಬ್ಬಳ್ಳಿಯವನಿಗೆ ಜ್ವರದ ಸುಳಿವು ಇತ್ತು. "ನೀವು ಹೋಗ್ರಿಲೇ, ನನ್ನ ಕಾರ್ಡ್ ಒಯ್ರಿ" ಅಂತ ಮಲಗಿಬಿಟ್ಟ. ಒಯ್ರಿ ಅಂದನೇ ಹೊರತು ಕಾರ್ಡ್ ಕೊಡಲಿಲ್ಲ. ನಾವೂ ಕೇಳಲಿಲ್ಲ.

ಕಿಟಕಿಯ ಹತ್ತಿರ ಹೋದರೆ ಆಗಲೇ ಊರೇ ನೆರೆದಂತಿತ್ತು. ಟೆಂಟು ಹಾಕಿದ್ದರು. ಮಡಚುವ ಕುರ್ಚಿ ತಂದಿದ್ದರು. ಯಾರೋ ಸೋಫಾವನ್ನೇ ಹೊತ್ತು ತಂದಿದ್ದರು. ನಾವು ಹುಲ್ಲಿನ ಮೇಲೆ ಜಮಖಾನೆ ಹಾಸಿದೆವು. ಐದು ನಿಮಿಷ ಆಗಿರಲಿಲ್ಲ, ದಾವಣಗೆರೆಯವ ಚಂಗನೆ ಎದ್ದು ಕುಣಿಯತೊಡಗಿದ. ಕೆಂಪಿರುವೆ. ಅವನ್ನು ಅಲ್ಲಿ ಬೆಂಕಿ ಇರುವೆ ಅನ್ನುತ್ತಾರೆ, ಆ ಹೆಸರು ಸುಮ್ನೆ ಬಂದದ್ದಲ್ಲ. ಕಚ್ಚಿದ ಕಡೆ ಮಾರನೇ ದಿನ ಬಿಳಿ ಕೀವಿನ ಗುಳ್ಳೆ ಏಳುತ್ತದೆ. ಟೆಕ್ಸಾಸಿನಲ್ಲಿ ಹುಲ್ಲು ಎಷ್ಟೇ ಚೆಂದ ಕಂಡರೂ ನೋಡದೆ ಕೂರಬೇಡಿ. ನಾವು ಸಿಮೆಂಟ್ ನೆಲಕ್ಕೆ ಹೋದೆವು. ಅಕ್ಟೋಬರ್ ಆದರೂ ಮಂಗಳೂರಿನ ಹಾಗೆ ಬೆವರು, ಮೇಲೆ ಸೊಳ್ಳೆ.

ನನಗೆ ಸಾಲು ಹೊಸದೇನಲ್ಲ. 1996ರ ವಿಶ್ವಕಪ್ಪಿನಲ್ಲಿ ಬೆಂಗಳೂರಿನಲ್ಲಿ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್ ಇದ್ದಾಗ ಟಿಕೆಟ್ಟಿಗೆ ನಿಂತಿದ್ದೆ. ಅಂಗಿಯ ಎರಡು ಗುಂಡಿ ಹೋದವು, ಟಿಕೆಟ್ ಸಿಗಲಿಲ್ಲ. ನಮ್ಮ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ಸ್ಟಂಪ್ ಹಾರಿಸಿದ್ದನ್ನು ಚಿಕ್ಕಪ್ಪನ ಮನೆಯ ಟಿವಿಯಲ್ಲೇ ನೋಡಿದ್ದು. ಅಲ್ಲಿ ಸಾಲು ಅಂದರೆ ಮುಂದಿನವನ ಬೆನ್ನಿಗೆ ಎದೆ ಒತ್ತಿ ನಿಲ್ಲುವುದು. ಇಲ್ಲಿ ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ. ಬಾತ್‌ರೂಮಿಗೆ ಹೋಗಿ ಬಂದರೆ ಜಾಗ ಹಾಗೇ ಇರುತ್ತಿತ್ತು. ಹೋಗುವವರು ಬರುವವರು ಎಲ್ಲ "ಹೌಡಿ" ಅನ್ನುತ್ತಿದ್ದರು. ಮೊದಮೊದಲು ನನಗೆ ಇದರಿಂದ ನಿದ್ದೆಯೇ ಹತ್ತಲಿಲ್ಲ. ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ ಅಂತ ಕಾಯುತ್ತಿದ್ದೆ.

ಹನ್ನೆರಡರ ಹೊತ್ತಿಗೆ ಪಕ್ಕದ ಗುಂಪಿನವರು ಬಂದರು. ಅವರ ಆಟಕ್ಕೆ ಒಬ್ಬ ಕಮ್ಮಿ. ಡಾಮಿನೋ ಬಿಲ್ಲೆ ಇಟ್ಟುಕೊಂಡು 'ನಲವತ್ತೆರಡು' ಅನ್ನುವ ಆಟ ಆಡುತ್ತಿದ್ದರು. ಟೆಕ್ಸಾಸಿನವರಿಗೆ ಅದರ ಹುಚ್ಚು ಜಾಸ್ತಿ. ನಾಲ್ಕು ಜನ, ಎದುರು ಬದುರು ಕೂತವರು ಜೋಡಿ. ಒಟ್ಟು 28 ಬಿಲ್ಲೆ, ಒಬ್ಬೊಬ್ಬರಿಗೆ ಏಳು. ಮೊದಲು ಕೂಗಬೇಕು, ಕೂಗಿ ಗೆದ್ದವನು ತುರುಫು ಹೇಳುತ್ತಾನೆ. ಅಷ್ಟು ಹೇಳುತ್ತಿದ್ದಂತೆ ನನಗೆ ಮದುವೆ ಮನೆಯ ಹಿಂದಿನ ಚಪ್ಪರವೇ ಕಣ್ಣಿಗೆ ಬಂತು. ಇದು ನಮ್ಮ ಇಸ್ಪೀಟಿನ ಇಪ್ಪತ್ತೆಂಟೇ! ಎಲೆಯ ಬದಲು ಬಿಲ್ಲೆ, ಅಷ್ಟೇ ವ್ಯತ್ಯಾಸ. ಮೂರು ಆಟ ಸೋತೆ. ನಾಲ್ಕನೆಯದರಿಂದ ಗೆಲ್ಲಲು ಶುರು ಮಾಡಿದೆ. ಆ ದೇಶಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಲ್ಯಾಬಿನ ಹೊರಗೆ ಯಾರ ಜೊತೆಗೂ ಹತ್ತು ನಿಮಿಷ ಮಾತಾಡಿರಲಿಲ್ಲ. ಆ ರಾತ್ರಿ ನಾಲ್ಕು ಗಂಟೆ ಆಡಿದೆ. ಚಿತ್ರಾನ್ನ ಅವರ ಪಾಲಾಯಿತು, ಅವರ ಪಿಜ್ಜಾ ನಮ್ಮ ಪಾಲಾಯಿತು. ಹೋಂವರ್ಕ್ ಚೀಲದಿಂದ ಹೊರಗೆ ಬರಲೇ ಇಲ್ಲ.

ಬೆಳಿಗ್ಗೆ ಏಳಕ್ಕೆ ಟೆಂಟು ಬಿಚ್ಚಿ ಎಲ್ಲರೂ ಎದ್ದು ನಿಂತರು. ದಾವಣಗೆರೆಯವ ಕಾರ್ಡ್‌ಗಳನ್ನು ಎಣಿಸಿದ. ಒಂದು, ಎರಡು. ಮತ್ತೆ ಎಣಿಸಿದ. ಎರಡೇ. ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಮೊಬೈಲ್ ಇಲ್ಲದ ಕಾಲ. ನಾಣ್ಯದ ಫೋನಿನಿಂದ ಮನೆಗೆ ಮಾಡಿದೆ. ಹತ್ತು ಸಲ ರಿಂಗ್ ಆಗಿ ಆನ್ಸರಿಂಗ್ ಮೆಷಿನ್ನಿಗೆ ಹೋಯಿತು. ಅದರಲ್ಲಿದ್ದದ್ದು ನನ್ನದೇ ದನಿ, ನಾವು ಮನೆಯಲ್ಲಿಲ್ಲ ಅಂತ. ಹೆಸರು ಹಿಡಿದು ಕೂಗಿದೆ. ಪಕ್ಕದ ಗುಂಪಿನ ಹುಡುಗಿಯೊಬ್ಬಳು ತನ್ನ ಸೈಕಲ್ ಕೊಟ್ಟಳು. ಹೋಗಲು ಹದಿನೈದು ನಿಮಿಷ, ಬಾಗಿಲು ಬಡಿಯಲು ಐದು ನಿಮಿಷ, ಬರಲು ಹದಿನೈದು ನಿಮಿಷ. ಹುಬ್ಬಳ್ಳಿಯವ ಹೊದ್ದುಕೊಂಡೇ ಬಾಗಿಲು ತೆಗೆದು, "ಟಿಕೆಟ್ ಸಿಕ್ತೇನಲೇ?" ಅಂದ. ಅವನಿಗೆ ಏನಂದೆ ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ವಾಪಸ್ ಬಂದಾಗ ಸಾಲು ಅರ್ಧ ಕರಗಿತ್ತು. ದಾವಣಗೆರೆಯವ ಕಿಟಕಿಯ ಹತ್ತಿರ ಬಂದುಬಿಟ್ಟಿದ್ದ. ಆದರೆ ಟಿಕೆಟ್ ತೆಗೆಯದೆ ಪಕ್ಕಕ್ಕೆ ನಿಂತು, ಹಿಂದಿನವರನ್ನು ಒಬ್ಬೊಬ್ಬರಾಗಿ ಮುಂದೆ ಬಿಡುತ್ತಿದ್ದ. ಮೂವತ್ತು ನಲವತ್ತು ಜನ ಹೋಗಿರಬೇಕು. ಹಾಗೆ ನಮ್ಮ ಎರಡನೇ ಅಂತಸ್ತು ಕೈತಪ್ಪಿ ಮೂರನೆಯದು ಸಿಕ್ಕಿತು. ಗಟ್ಟಿ ಕಾಗದದ ಮೂರು ಟಿಕೆಟ್, ಅಕ್ಕಪಕ್ಕದ ನಂಬರ್. ರಾತ್ರಿಯಿಡೀ ಕಾದದ್ದು ಕೈಯಲ್ಲಿ ಹಿಡಿದರೆ ಮೂರು ಗ್ರಾಂ ಕೂಡ ಇರಲಿಲ್ಲ.

ಕಾರ್ಡ್ ರಾತ್ರಿಯೇ ಎಣಿಸಿ. ಗುಂಪಿನಲ್ಲಿ ಯಾರಿಗೆ ಜ್ವರ ಬಂದರೂ ಅವರ ಕಾರ್ಡಿಗೆ ಜ್ವರ ಇರುವುದಿಲ್ಲ.

ಶುಕ್ರವಾರ ನಡುರಾತ್ರಿ ಸ್ಟೇಡಿಯಂನಲ್ಲಿ ಕೂಗುವ ಅಭ್ಯಾಸ. ಹೌದು, ಕೂಗಲೂ ಅಭ್ಯಾಸ. ಐವರು ಹುಡುಗರು ಮುಂದೆ ನಿಂತು ಕೈಸನ್ನೆ ಮಾಡುತ್ತಾರೆ. ಆ ಸನ್ನೆಯನ್ನು ಎಲ್ಲರೂ ಹಿಂದಿನವರಿಗೆ ದಾಟಿಸುತ್ತಾರೆ. ಆಮೇಲೆ ಸಾವಿರಾರು ಜನ ಒಂದೇ ದನಿಯಲ್ಲಿ ಕೂಗುತ್ತಾರೆ. ಎದುರಾಳಿಗೆ 'ಬೂ' ಅನ್ನುವ ಪದ್ಧತಿ ಅಲ್ಲಿಲ್ಲ. ಇನ್ನೊಂದು ಪದ್ಧತಿಯನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ತಂಡ ಅಂಕ ಗಳಿಸಿದಾಗಲೆಲ್ಲ ಜೋಡಿಗಳು ಮುತ್ತು ಕೊಟ್ಟುಕೊಳ್ಳಬೇಕು. ಶನಿವಾರ ಮೊದಲ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು, ಆದ ಕೂಡಲೇ ಸುತ್ತ ಎಲ್ಲರೂ ಅದೇ ಕೆಲಸಕ್ಕೆ ತೊಡಗಿದರು. ನಡುವೆ ನಾವು ಮೂವರು ಆಕಾಶ ನೋಡುತ್ತಾ ನಿಂತೆವು. ಆ ದಿನ ಅಂಕ ಮತ್ತೆ ಮತ್ತೆ ಬಂತು. ಆಕಾಶ ಚೆನ್ನಾಗಿಯೇ ಪರಿಚಯ ಆಯಿತು.

ವಿದ್ಯಾರ್ಥಿಗಳ ಕಡೆ ಪೂರ್ವಕ್ಕೆ. ಹಾಗಾಗಿ ಮಧ್ಯಾಹ್ನದ ಮೇಲೆ ಬಿಸಿಲು ನೇರ ಮುಖಕ್ಕೆ ಬಡಿಯುತ್ತದೆ. ಮೂರನೇ ಅಂತಸ್ತಿನಿಂದ ಆಟಗಾರರು ಕೇರಂ ಕಾಯಿಯಷ್ಟು ಕಾಣುತ್ತಾರೆ. ಆದರೂ ಒಬ್ಬನನ್ನು ಗುರುತಿಸಲು ಕಲಿತೆವು. ಡ್ಯಾಟ್ ವಿನ್. ವಿಯೆಟ್ನಾಂನಿಂದ ತಪ್ಪಿಸಿಕೊಂಡು ಬಂದ ತಂದೆತಾಯಿಗೆ, ಅರ್ಕಾನ್ಸಾಸ್‌ನ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವನು. ಆ ದೈತ್ಯರ ನಡುವೆ ಗಿಡ್ಡ. ಆದರೆ ಚೆಂಡು ಎಲ್ಲಿದ್ದರೂ ಅಲ್ಲಿ ಇವನಿರುತ್ತಿದ್ದ. ಆ ವರ್ಷ ದೇಶದ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ಬೆಡ್ನಾರಿಕ್ ಪ್ರಶಸ್ತಿ ಅವನಿಗೇ ಬಂತು. ಏಷ್ಯಾದ ಮುಖವೊಂದು ಆ ಮೈದಾನದಲ್ಲಿ ಓಡಾಡುವುದನ್ನು ನೋಡಿ ನಮಗೆ ಯಾಕೋ ನಮ್ಮವನೇ ಅನ್ನಿಸಿತ್ತು. ಅವನಿಗೂ ನಮಗೂ ಏನು ಸಂಬಂಧ ಅಂತ ಕೇಳಬೇಡಿ.

ಕೊನೆಗೆ 28-21. ನಾವು ಗೆದ್ದೆವು. ನೋಡಿ, ಆ ಹೊತ್ತಿಗೆ 'ನಾವು' ಆಗಿಬಿಟ್ಟಿತ್ತು. ಅವರ ಹಾಡು ಶುರುವಾಯಿತು. ಅಕ್ಕಪಕ್ಕದವರ ಭುಜದ ಮೇಲೆ ಕೈ ಹಾಕಿ ಒಂದು ಸಾಲು ಎಡಕ್ಕೆ, ಮುಂದಿನ ಸಾಲು ಬಲಕ್ಕೆ ತೂಗುತ್ತದೆ. ಆಗ ಮೂರನೇ ಅಂತಸ್ತು ಅಲ್ಲಾಡುತ್ತದೆ. ಸುಮ್ನೆ ಹೇಳುವುದಲ್ಲ, ನಿಜವಾಗಿ ಕಾಲಡಿಯ ಕಾಂಕ್ರೀಟು ಅಲ್ಲಾಡುತ್ತದೆ. ಹುಬ್ಬಳ್ಳಿಯವ ಸಿವಿಲ್ ಎಂಜಿನಿಯರ್. ಅವನ ಮುಖ ಬಿಳಿಚಿತ್ತು. "ಇದು ಬೀಳ್ತದಲೇ" ಅನ್ನುತ್ತಲೇ ತೂಗುತ್ತಿದ್ದ.

ಮುಂದಿನ ವರ್ಷದ್ದು ಬೇರೆ ಕಥೆ. 1999ರ ನವೆಂಬರ್ 18ರ ನಸುಕಿನಲ್ಲಿ, ವರ್ಷವರ್ಷ ಟೆಕ್ಸಾಸ್ ವಿಶ್ವವಿದ್ಯಾಲಯದ ಮೇಲಿನ ಆಟಕ್ಕೆ ಮೊದಲು ಸುಡಲು ಪೇರಿಸುತ್ತಿದ್ದ ಮರದ ದಿಮ್ಮಿಗಳ ರಾಶಿ ಕುಸಿಯಿತು. 12 ಜನ ಸತ್ತರು. ಎಂಟು ದಿನ ಬಿಟ್ಟು ಆಟ ನಡೆಯಿತು. ಆ ದಿನವೂ ಟಿಕೆಟ್ ಹಿಡಿದು ಹೋಗಿ ನಿಂತೆವು. ಮಧ್ಯಂತರದಲ್ಲಿ ಎದುರಾಳಿಗಳ ಬ್ಯಾಂಡಿನವರು ಟೋಪಿ ತೆಗೆದು ಹಿಡಿದಾಗ ಅಷ್ಟು ದೊಡ್ಡ ಮೈದಾನದಲ್ಲಿ ಒಬ್ಬರು ಕೆಮ್ಮಿದ್ದೂ ಕೇಳುತ್ತಿತ್ತು. 20-16ರಲ್ಲಿ ನಾವು ಗೆದ್ದೆವು. ಮನೆಗೆ ಬರುವವರೆಗೂ ಮೂವರೂ ಮಾತಾಡಲಿಲ್ಲ. ಆ ಟಿಕೆಟ್ ನನ್ನ ಹಳೆಯ ಥರ್ಮೋಡೈನಾಮಿಕ್ಸ್ ಪುಸ್ತಕದಲ್ಲಿ ಇನ್ನೂ ಇದೆ. ಅದರ ಜೊತೆಗೇ ನೆಬ್ರಾಸ್ಕದ್ದೂ ಇದೆ.

ಇನ್ನು ಈ ಸಲದ್ದು. ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಮೇಲಿನ ರಾತ್ರಿ ಆಟ. ನಾನು ಡಲ್ಲಾಸ್‌ನಿಂದ ಕಾರಿನಲ್ಲಿ ಮೂರು ಗಂಟೆ. ದಾವಣಗೆರೆಯವ ಅಟ್ಲಾಂಟಾದಿಂದ, ಹುಬ್ಬಳ್ಳಿಯವ ಸಿಯಾಟಲ್‌ನಿಂದ. ಟಿಕೆಟಿನ ಜವಾಬ್ದಾರಿಯನ್ನು ಹುಬ್ಬಳ್ಳಿಯವನೇ ಹೊತ್ತುಕೊಂಡ. 26 ವರ್ಷದ ಸಾಲ ತೀರಿಸುತ್ತೇನೆ ಅಂದ. ಒಬ್ಬ ಮಾರುವವನ ಬಳಿ ಫೋನಿನಲ್ಲೇ ಕೊಂಡ. ತೋರಿಸಿದ ಬೆಲೆ ಒಂದಕ್ಕೆ 210 ಡಾಲರ್. ಕೊನೆಯ ಪುಟಕ್ಕೆ ಹೋಗುವಾಗ ಅದೂ ಇದೂ ಸೇರಿ 260 ಆಗಿತ್ತು. ಬೆಲೆ ಹೋಲಿಸುವುದಿದ್ದರೆ ಆ ಕೊನೆಯ ಪುಟದ ಬೆಲೆಯನ್ನೇ ಹೋಲಿಸಿ. ನಾಲ್ಕು ಟಿಕೆಟ್, ಸಾವಿರ ದಾಟಿತು. 42ರಿಂದ ಗುಣಿಸುವ ಅಭ್ಯಾಸ ಬಿಟ್ಟದ್ದು ಒಳ್ಳೆಯದಾಯಿತು. ಆ ಹೊತ್ತಿಗೆ ಅದು 84 ಆಗಿತ್ತು ಬೇರೆ.

ಅವನು ಟಿಕೆಟ್‌ಗಳ ಸ್ಕ್ರೀನ್‌ಶಾಟ್ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ. "ಈ ಸಲ ಕಾರ್ಡ್ ಮರೀಲಿಲ್ಲ ನೋಡ್ರಿ" ಅಂತ ಜಂಬ ಬೇರೆ. ಗೇಟಿನಲ್ಲಿ ಅಡ್ಡಿ ಬಂದದ್ದೇ ಅದು. ಈಗಿನ ಟಿಕೆಟಿನ ಗುರುತು ಕ್ಷಣಕ್ಷಣಕ್ಕೆ ಬದಲಾಗುತ್ತಿರುತ್ತದೆ, ಚಿತ್ರ ನಡೆಯುವುದಿಲ್ಲ. ನಿಜವಾದ ಟಿಕೆಟ್ ಇದ್ದದ್ದು ಅವನ ಫೋನಿನೊಳಗೆ. ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಲಕ್ಷ ಜನ ಒಂದೇ ಕಡೆ ಸೇರಿ ವಿಡಿಯೋ ಕಳಿಸುತ್ತಿದ್ದರೆ ಎಲ್ಲಿಂದ ಬರಬೇಕು? ಚಕ್ರ ತಿರುಗುತ್ತಲೇ ಇತ್ತು. ಅಷ್ಟರಲ್ಲಿ ದಾವಣಗೆರೆಯವನ ಹೆಗಲ ಚೀಲವನ್ನೂ ತಡೆದರು. ಒಳಗಿರುವುದು ಹೊರಗೆ ಕಾಣುವಂಥ ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುತ್ತಾರೆ. ಅವನು ಚೀಲ ಹಿಡಿದು ಕಾರಿನ ಕಡೆ ಓಡಿದ. ಅಕ್ಕನ ಮಗ ಹುಬ್ಬಳ್ಳಿಯವನ ಫೋನ್ ಕಿತ್ತುಕೊಂಡು, ಹಿಂದಕ್ಕೆ ಎರಡು ಬೀದಿ ನಡೆದು, ಸಿಗ್ನಲ್ ಸಿಕ್ಕ ಕಡೆ ಟಿಕೆಟ್‌ಗಳನ್ನು ಫೋನಿನ ವಾಲೆಟ್‌ಗೆ ಸೇರಿಸಿಕೊಂಡು ಬಂದ. ಐದು ನಿಮಿಷದ ಕೆಲಸ. ಅದನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ. ಫೋನ್ ಪೂರ್ತಿ ಚಾರ್ಜ್ ಇರಲಿ. ನಾವು ಒಳಗೆ ಹೋಗುವ ಹೊತ್ತಿಗೆ ಆಟ ಶುರುವಾಗಿ ಇಪ್ಪತ್ತು ನಿಮಿಷ ಆಗಿತ್ತು.

ನಮ್ಮ ಜಾಗ ದಕ್ಷಿಣದ ತುದಿಯಲ್ಲಿ, ಮೇಲ್ಗಡೆ. ಪಶ್ಚಿಮದ ಕಡೆಯ ಹಳೆಯ ಕಟ್ಟಡವನ್ನು 2014ರ ಡಿಸೆಂಬರಿನಲ್ಲೇ ಸ್ಫೋಟಕ ಇಟ್ಟು ಉರುಳಿಸಿದ್ದಾರೆ. ಹಾಗಾಗಿ ಮೊದಲಿಗೆ ದಿಕ್ಕೇ ತಿಳಿಯಲಿಲ್ಲ. ಬಲಗಡೆ ಪೂರ್ವಕ್ಕೆ ನೋಡಿದೆವು. ವಿದ್ಯಾರ್ಥಿಗಳು ನಿಂತೇ ಇದ್ದರು. ನಾವೂ ನಿಂತೆವು. ಹತ್ತು ನಿಮಿಷಕ್ಕೆ ಮಂಡಿ ನೋಯಿತು, ಕೂತೆವು. ಮಧ್ಯಂತರಕ್ಕೆ 17-7ರಲ್ಲಿ ಹಿಂದಿದ್ದೆವು. ಮೂರನೇ ಕ್ವಾರ್ಟರಿನಲ್ಲಿ ಮಾರ್ಸೆಲ್ ರೀಡ್ ಅನ್ನುವ ಹುಡುಗನನ್ನು ಇಳಿಸಿದರು. ಅವನು ತಾನೇ ಓಡಿ ಮೂರು ಟಚ್‌ಡೌನ್ ಮಾಡಿದ. 38-23. ಪ್ರತಿ ಸಲವೂ ಅಕ್ಕನ ಮಗ ಆಕಾಶ ನೋಡಿದ.

ರಾತ್ರಿ ಹನ್ನೆರಡಕ್ಕೆ ಅವನ ರೂಮಿನಲ್ಲಿ ಅನ್ನ, ಸಾರು, ಹಪ್ಪಳ. ನಾನು ಆ ಥರ್ಮೋಡೈನಾಮಿಕ್ಸ್ ಪುಸ್ತಕ ತಂದಿದ್ದೆ. ಎರಡು ಹಳೆಯ ಟಿಕೆಟ್ ತೆಗೆದು ಮೇಜಿನ ಮೇಲೆ ಇಟ್ಟೆ. ದಾವಣಗೆರೆಯವ ಅವನ್ನು ತಿರುಗಿಸಿ ತಿರುಗಿಸಿ ನೋಡಿದ. ತನ್ನ ಜೇಬು ಮುಟ್ಟಿಕೊಂಡ. "ಇವತ್ತಿಂದು ಇಟ್ಕೊಳ್ಳಾಕೆ ಏನೂ ಇಲ್ವಲ್ಲಪ್ಪಾ" ಅಂದ.

ಅಕ್ಕನ ಮಗ ಹಪ್ಪಳ ಮುರಿಯುತ್ತಾ ಹೇಳಿದ: "ಇದೆಯಲ್ಲ ಅಂಕಲ್, ಸ್ಕ್ರೀನ್‌ಶಾಟ್."